ಎಣ್ಣೆ, ಉಕ್ಕು ಮತ್ತು ಮಳೆ: ಮಲೆನಾಡಿಗೆ ಎಂಥ ಪರಿವರ್ತಕದ ತೊಟ್ಟಿ ಬೇಕು?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನವನ್ನು ಓದಿ ಮಣ್ಣಿನೊಡನೆ ಕೆಲಸ ಮಾಡುತ್ತಿರುವ ನಾನು ವಿದ್ಯುತ್ ಪರಿವರ್ತಕದ ಬಗ್ಗೆ ಮಾತನಾಡುತ್ತೇನೆಂದಾಗ ಸಂಘಟಕರಲ್ಲಿ ಕೆಲವರು ನಕ್ಕರು. ಆದರೆ ಈ ವಿಷಯ ಮಣ್ಣಿನಿಂದ ದೂರದ್ದೇನೂ ಅಲ್ಲ. ಆಡುಮಾತಿನಲ್ಲಿ ನಾವೆಲ್ಲ ‘ಟಿ.ಸಿ.’ ಎಂದು ಕರೆಯುವ ಆ ಪೆಟ್ಟಿಗೆ ನಿಮ್ಮ ನಿಮ್ಮ ಊರುಗಳಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ರಸ್ತೆಗಾಗಿ ಕಡಿದ ಧರೆಯ ನೆತ್ತಿಯ ಮೇಲೆ, ಅಡಿಕೆ ತೋಟದ ಮೇಲಂಚಿನಲ್ಲಿ, ಹಳ್ಳದ ಪಂಪ್‌ಸೆಟ್ಟಿನ ಪಕ್ಕದಲ್ಲಿ, ಕೆಲವೆಡೆ ಕುಡಿಯುವ ನೀರಿನ ಅಬ್ಬಿಯ ಮೇಲ್ಭಾಗದಲ್ಲಿ. ಗಾತ್ರಕ್ಕೆ ತಕ್ಕಂತೆ ಹತ್ತಾರು ಲೀಟರಿನಿಂದ ನೂರಾರು ಲೀಟರಿನವರೆಗೆ ಖನಿಜ ತೈಲ ಅದರೊಳಗಿದೆ. ಆ ಎಣ್ಣೆಗೂ ನಮ್ಮ ನೀರಿಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಗೋಡೆ. ಆ ಗೋಡೆ ಹೇಗಿರಬೇಕು, ಅದನ್ನು ಯಾವ ಲೆಕ್ಕದಿಂದ ವಿನ್ಯಾಸ ಮಾಡುತ್ತಾರೆ, ವರ್ಷದ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ನಮ್ಮ ಸೀಮೆಗೆ ಎಂಥದು ಒಗ್ಗುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಈಚಿನ ವರ್ಷಗಳಲ್ಲಿ ಬರುತ್ತಿರುವ ಅನೇಕ ಪರಿವರ್ತಕಗಳ ಮೈ ನುಣುಪಾಗಿರುವುದಿಲ್ಲ. ಸೀರೆಯ ನೆರಿಗೆಯಂತೆ ಒತ್ತೊತ್ತಾಗಿ ಮಡಿಸಿದ ತಗಡು ಅದರ ಸುತ್ತ ಇರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಕೊರುಗೇಟೆಡ್ ಟ್ಯಾಂಕ್ ಎನ್ನುತ್ತಾರೆ. ನಾವು ಇಂದು ಅದನ್ನು ‘ನೆರಿಗೆ ತೊಟ್ಟಿ’ ಎಂದು ಕರೆಯೋಣ.

ಪೆಟ್ಟಿಗೆಯೊಳಗಿನ ಬಿಸಿ

ಹನ್ನೊಂದು ಸಾವಿರ ವೋಲ್ಟಿನ ವಿದ್ಯುತ್ತನ್ನು ನಮ್ಮ ಮನೆ, ಪಂಪುಗಳಿಗೆ ಬೇಕಾದ ಮಟ್ಟಕ್ಕೆ ಇಳಿಸುವುದು ಪರಿವರ್ತಕದ ಕೆಲಸ. ಅದರೊಳಗೆ ತೆಳುವಾದ ಉಕ್ಕಿನ ಹಾಳೆಗಳನ್ನು ಜೋಡಿಸಿದ ಒಂದು ತಿರುಳಿದೆ. ಅದರ ಸುತ್ತ ಕಾಗದ ಹೊದೆಸಿದ ತಾಮ್ರ ಅಥವಾ ಅಲ್ಯುಮಿನಿಯಂ ತಂತಿಯ ಸುರುಳಿಗಳಿವೆ. ಇವೆಲ್ಲವೂ ಎಣ್ಣೆಯಲ್ಲಿ ಮುಳುಗಿವೆ. ಎಣ್ಣೆಗೆ ಎರಡು ಕೆಲಸ. ಒಂದು, ಸುರುಳಿಗಳ ನಡುವೆ ವಿದ್ಯುತ್ ಸಿಡಿಯದಂತೆ ತಡೆಯುವುದು. ಇನ್ನೊಂದು, ಒಳಗೆ ಹುಟ್ಟುವ ಬಿಸಿಯನ್ನು ಹೊತ್ತು ತೊಟ್ಟಿಯ ಗೋಡೆಗೆ ತಲುಪಿಸುವುದು. ಬಿಸಿಯಾದ ಎಣ್ಣೆ ಹಗುರಾಗಿ ಮೇಲೇರುತ್ತದೆ, ಗೋಡೆಯ ಬಳಿ ತಂಪಾಗಿ ಕೆಳಗಿಳಿಯುತ್ತದೆ. ಈ ಪರಿಚಲನೆಗೆ ಪಂಪು ಬೇಕಿಲ್ಲ.

ಬಿಸಿ ಏಕೆ ಹುಟ್ಟುತ್ತದೆ? ಪರಿವರ್ತಕವು ತನ್ನ ಮೂಲಕ ಹಾಯುವ ವಿದ್ಯುತ್ತಿನಲ್ಲಿ ಒಂದು ಪಾಲನ್ನು ತಾನೇ ತಿಂದುಹಾಕುತ್ತದೆ. ಇದರಲ್ಲಿ ಎರಡು ಬಗೆ. ಉಕ್ಕಿನ ತಿರುಳಿನಲ್ಲಾಗುವ ನಷ್ಟವು ಹಗಲು ರಾತ್ರಿ, ಯಾರೂ ಒಂದು ದೀಪವನ್ನೂ ಹಚ್ಚದಿದ್ದರೂ ನಡೆದೇ ಇರುತ್ತದೆ. ಸುರುಳಿಗಳಲ್ಲಾಗುವ ನಷ್ಟ ನಮ್ಮ ಬಳಕೆಯ ಜೊತೆಗೆ ಏರುತ್ತದೆ. ಬಳಕೆ ಎರಡು ಪಟ್ಟಾದರೆ ಈ ನಷ್ಟ ನಾಲ್ಕು ಪಟ್ಟಾಗುತ್ತದೆ. 1989ರ ಭಾರತೀಯ ಮಾನಕದ ಪ್ರಕಾರ 100 ಕೆ.ವಿ.ಎ. ಪರಿವರ್ತಕದಲ್ಲಿ ಮೊದಲನೆಯ ನಷ್ಟ 260 ವ್ಯಾಟ್, ಪೂರ್ಣ ಹೊರೆಯಲ್ಲಿ ಎರಡನೆಯದು 1760 ವ್ಯಾಟ್. ಒಟ್ಟು 2020 ವ್ಯಾಟ್. ಅಂದರೆ ಎರಡು ಕಿಲೋವ್ಯಾಟಿನ ಒಂದು ಕಾಯಿಸುವ ಸಲಾಕೆಯನ್ನು ಎಣ್ಣೆಯೊಳಗೆ ಇಳಿಬಿಟ್ಟಂತೆ. ಬರಿಯ 260 ವ್ಯಾಟನ್ನೇ ವರ್ಷದ 8760 ಗಂಟೆಗಳಿಂದ ಗುಣಿಸಿ ನೋಡಿ. ಒಂದು ಪರಿವರ್ತಕ ಸುಮ್ಮನೆ ನಿಂತುಕೊಂಡೇ ವರ್ಷಕ್ಕೆ ಸುಮಾರು 2,278 ಯೂನಿಟ್ ಉಣ್ಣುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ನಿಂತಾಗ ಮನೆ, ಗದ್ದೆ, ತೋಟಗಳನ್ನು ಬಿಟ್ಟು ಎದ್ದು ಬಂದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಹಾಗೆ ಹುಟ್ಟಿದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಎಣ್ಣೆ ಕಾಯಿಸುವುದಕ್ಕೆ ಹೋಗುತ್ತಿದೆ ಎಂದು ಕೇಳುವ ಹಕ್ಕು ಅವರಿಗಿದೆ.

ನೆರಿಗೆಯ ಲೆಕ್ಕ

ಈಗ ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಳ್ಳಲಿ. ಒಂದು ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಒಂದು ನುಣುಪು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಗೋಡೆಗಳ ಒಟ್ಟು ವಿಸ್ತೀರ್ಣ 2.52 ಚದರ ಮೀಟರ್. ಇಂಥ ಗೋಡೆ ಎರಡು ಬಗೆಯಲ್ಲಿ ಬಿಸಿಯನ್ನು ಬಿಟ್ಟುಕೊಡುತ್ತದೆ: ಬೆಂಕಿಯ ಮುಂದೆ ಕುಳಿತವರಿಗೆ ಶಾಖ ತಾಗುವಂತೆ ವಿಕಿರಣದಿಂದ, ತನಗೆ ತಾಗಿದ ಗಾಳಿಯನ್ನು ಬಿಸಿಮಾಡಿ ಮೇಲಕ್ಕೆ ಕಳಿಸುವುದರಿಂದ. ಪಠ್ಯಪುಸ್ತಕಗಳಲ್ಲಿ ಬಳಸುವ ಅಂದಾಜಿನಂತೆ, ಒಂದು ಚದರ ಮೀಟರ್ ಗೋಡೆಯು ಗಾಳಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಇದ್ದಾಗ ವಿಕಿರಣದಿಂದ 6 ವ್ಯಾಟ್, ಗಾಳಿಯ ಚಲನೆಯಿಂದ 6.5 ವ್ಯಾಟ್, ಒಟ್ಟು 12.5 ವ್ಯಾಟ್ ಹೊರಹೋಗುತ್ತದೆ. ಗೋಡೆಯು ಸುತ್ತಲ ಗಾಳಿಗಿಂತ ಸರಾಸರಿ 30 ಡಿಗ್ರಿ ಬಿಸಿಯಾಗಬಹುದು ಎಂದು ಒಪ್ಪಿಕೊಂಡರೆ, ನಮ್ಮ ಪೆಟ್ಟಿಗೆ 945 ವ್ಯಾಟ್ ಬಿಟ್ಟುಕೊಡಬಲ್ಲದು. ಒಳಗೆ ಹುಟ್ಟುತ್ತಿರುವುದು 2020 ವ್ಯಾಟ್. ಉಳಿದ 1075 ವ್ಯಾಟ್ ಹೊರಹೋಗದಿದ್ದರೆ ಎಣ್ಣೆ ಇನ್ನಷ್ಟು ಕಾಯುತ್ತದೆ, ಸುರುಳಿಯ ಮೇಲಿನ ಕಾಗದ ಕಂದಿ ಪುಡಿಯಾಗುತ್ತದೆ, ಕೊನೆಗೆ ‘ಟಿ.ಸಿ. ಸುಟ್ಟುಹೋಯಿತು’ ಎಂಬ ಸುದ್ದಿ ಬರುತ್ತದೆ.

ಆದ್ದರಿಂದ ಗೋಡೆಯ ವಿಸ್ತೀರ್ಣವನ್ನು ಹೆಚ್ಚಿಸಬೇಕು. ಹಳೆಯ ದಾರಿಯೆಂದರೆ ಪೆಟ್ಟಿಗೆಗೆ ಕೊಳವೆಗಳನ್ನೋ ರೇಡಿಯೇಟರುಗಳನ್ನೋ ಬೆಸೆಯುವುದು. ಹೊಸ ದಾರಿ, ಗೋಡೆಯನ್ನೇ ನೆರಿಗೆಯಾಗಿ ಮಡಿಸುವುದು. ಸಾಮಾನ್ಯವಾಗಿ 1.2 ಮಿಲಿಮೀಟರಿನಷ್ಟು ದಪ್ಪದ ಉಕ್ಕಿನ ತಗಡನ್ನು ಯಂತ್ರದಲ್ಲಿ ಮಡಿಸಿ, ಪ್ರತಿ ನೆರಿಗೆಯ ಮೇಲಿನ ಮತ್ತು ಕೆಳಗಿನ ಬಾಯನ್ನು ಬೆಸುಗೆಯಿಂದ ಮುಚ್ಚುತ್ತಾರೆ. ಎಣ್ಣೆ ಪ್ರತಿ ನೆರಿಗೆಯೊಳಗೂ ಹರಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನೆರಿಗೆ ಹಾಕಿ ವಿಸ್ತೀರ್ಣವನ್ನು ಮೂರು ಪಟ್ಟು ಮಾಡಿದರೆ ತಂಪು ಮೂರು ಪಟ್ಟಾಗುವುದಿಲ್ಲ. ಅಕ್ಕಪಕ್ಕದ ನೆರಿಗೆಗಳು ಪರಸ್ಪರ ಮುಖಮಾಡಿ ನಿಂತಿರುವುದರಿಂದ ಒಂದರ ಶಾಖ ಇನ್ನೊಂದಕ್ಕೇ ತಾಗುತ್ತದೆ. ವಿಕಿರಣದ ಲಾಭ ಪೆಟ್ಟಿಗೆಯ ಹೊರ ಆವರಣಕ್ಕೆ ಮಾತ್ರ. ನೆರಿಗೆಯಿಂದ ಸಿಗುವ ಹೆಚ್ಚುವರಿ ತಂಪೆಲ್ಲ ಗಾಳಿಯ ಚಲನೆಯಿಂದಲೇ ಬರಬೇಕು. ಹಾಗಾಗಿ ಲೆಕ್ಕ ಹೀಗೆ: ಒಂದು ಚದರ ಮೀಟರ್ ನೆರಿಗೆಯಿಂದ 6.5ನ್ನು 30ರಿಂದ ಗುಣಿಸಿದರೆ 195 ವ್ಯಾಟ್. 1075 ವ್ಯಾಟಿಗೆ ಸುಮಾರು 5.5 ಚದರ ಮೀಟರ್ ಬೇಕು. 80 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ಆಳದ ಒಂದು ನೆರಿಗೆಯ ಎರಡು ಮುಖ ಸೇರಿ 0.16 ಚದರ ಮೀಟರ್. ಅಲ್ಲಿಗೆ 35 ನೆರಿಗೆಗಳು. ನಿಜವಾದ ವಿನ್ಯಾಸದಲ್ಲಿ ಎಣ್ಣೆಯ ಎತ್ತರ, ನೆರಿಗೆಗಳ ನಡುವಿನ ಕಿಂಡಿ ಇತ್ಯಾದಿಗಳನ್ನು ಇನ್ನೂ ಸೂಕ್ಷ್ಮವಾಗಿ ನೋಡುತ್ತಾರೆ. ಆದರೆ ತತ್ವ ಇಷ್ಟೇ.

ಈ ಲೆಕ್ಕದಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು, ನೆರಿಗೆಗಳ ನಡುವೆ ಗಾಳಿ ಆಡದಿದ್ದರೆ ನೆರಿಗೆ ಇದ್ದೂ ಇಲ್ಲದಂತೆ. ಎರಡು, ಗಾಳಿ ತೆಳುವಾದರೆ ತಂಪು ಕಡಿಮೆ. ಪರಿವರ್ತಕಗಳ ಸಾಮರ್ಥ್ಯವನ್ನು ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದವರೆಗಿನ ಬಳಕೆಗೆಂದು ನಮೂದಿಸುತ್ತಾರೆ. ಮಡಿಕೇರಿಯಲ್ಲೋ ಬಾಬಾಬುಡನ್‌ಗಿರಿಯ ಎತ್ತರದ ಕಾಫಿ ತೋಟಗಳಲ್ಲೋ ಪರಿವರ್ತಕ ಕೂರಿಸುವವರು ಈ ಅಂಶವನ್ನು ತಯಾರಕರಿಗೆ ಮುಂಚಿತವಾಗಿ ತಿಳಿಸಬೇಕು.

ಪರಿವರ್ತಕದ ಉಸಿರಾಟ

ನಮ್ಮ ಮಳೆಗಾಲಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ ಇದು. ಎಣ್ಣೆ ಕಾಯ್ದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಸಾವಿರದಲ್ಲಿ ಸುಮಾರು 0.75 ಪಾಲು. ಒಂದು ಪರಿವರ್ತಕದಲ್ಲಿ 200 ಲೀಟರ್ ಎಣ್ಣೆಯಿದೆ, ಬೆಳಗಿನ ಜಾವ 20 ಡಿಗ್ರಿ ಇದ್ದುದು ಸಂಜೆಯ ಹೊರೆಗೆ 60 ಡಿಗ್ರಿಗೆ ಏರುತ್ತದೆ ಎಂದುಕೊಳ್ಳಿ. ಎಣ್ಣೆ ಆರು ಲೀಟರ್ ಹಿಗ್ಗುತ್ತದೆ. ಮತ್ತೆ ತಣಿದಾಗ ಅಷ್ಟೇ ಕುಗ್ಗುತ್ತದೆ.

ಹಳೆಯ ಬಗೆಯ ತೊಟ್ಟಿಯಲ್ಲಿ ಈ ಹಿಗ್ಗು ಕುಗ್ಗಿಗೆ ಎಣ್ಣೆಯ ಮೇಲೆ ಗಾಳಿಯ ಜಾಗ ಬಿಟ್ಟಿರುತ್ತಾರೆ. ದೊಡ್ಡವುಗಳಿಗೆ ಮೇಲೆ ಒಂದು ಉರುಳೆಯಂಥ ಕನ್ಸರ್ವೇಟರ್ ಇರುತ್ತದೆ. ಎಣ್ಣೆ ಹಿಗ್ಗಿದಾಗ ಗಾಳಿ ಹೊರಹೋಗುತ್ತದೆ, ಕುಗ್ಗಿದಾಗ ಹೊರಗಿನ ಗಾಳಿ ಒಳಬರುತ್ತದೆ. ಆ ದಾರಿಯಲ್ಲಿ ‘ಬ್ರೀದರ್’ ಎಂಬ ಸಣ್ಣ ಡಬ್ಬಿಯಿದ್ದು, ಅದರಲ್ಲಿನ ಸಿಲಿಕಾ ಜೆಲ್ ಹರಳುಗಳು ಗಾಳಿಯ ತೇವವನ್ನು ಹೀರಿಕೊಳ್ಳಬೇಕು. ಹರಳು ತುಂಬಿದಾಗ ಅದರ ಬಣ್ಣ ಬದಲಾಗುತ್ತದೆ. ಆಗ ಅದನ್ನು ಒಣಗಿಸಬೇಕು ಇಲ್ಲವೇ ಬದಲಾಯಿಸಬೇಕು.

ಬ್ರೀದರ್ ಕೆಟ್ಟಿದೆ ಎಂದುಕೊಂಡು ಲೆಕ್ಕ ಮುಂದುವರಿಸೋಣ. ಮಳೆಗಾಲದ 25 ಡಿಗ್ರಿಯ ತೇವ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನಾವಿ ಇರುತ್ತದೆ. ದಿನಕ್ಕೆ ಆರು ಲೀಟರ್ ಗಾಳಿಯೆಂದರೆ 0.14 ಗ್ರಾಂ. 120 ದಿನಗಳ ಮಳೆಗಾಲದಲ್ಲಿ 16 ಗ್ರಾಮಿಗೂ ಸ್ವಲ್ಪ ಹೆಚ್ಚು ನೀರು ಒಳಬಂದು ಹೋಗುತ್ತದೆ. ಮೂರು ಚಮಚೆಯಷ್ಟು ನೀರು ಏನು ಮಹಾ ಎನ್ನಿಸಬಹುದು. ಆದರೆ ಒಂದು ಕಿಲೋ ಎಣ್ಣೆಯಲ್ಲಿ ಕೆಲವು ಹತ್ತು ಮಿಲಿಗ್ರಾಂ ನೀರು ಸೇರಿದರೂ ಅದರ ವಿದ್ಯುತ್ ತಡೆಯುವ ಶಕ್ತಿ ಕುಸಿಯುತ್ತದೆ. ಒಳಬಂದ ನೀರಿನ ಒಂದು ಪಾಲು ಮಾತ್ರ ಉಳಿದರೂ ಸುರುಳಿಯ ಕಾಗದ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಕಾಡಿನಂಚಿನ ಒಂಟಿ ಪರಿವರ್ತಕದ ಬ್ರೀದರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರು ಹೋಗಿ ನೋಡುತ್ತಾರೆ? ಹತ್ತಾರು ಮೈಲಿ ಲೈನನ್ನು ಮಳೆಯಲ್ಲಿ ಕಾಯುವ ಲೈನ್‌ಮನ್ ಒಬ್ಬರ ಮೇಲೆ ಈ ಹೊಣೆಯನ್ನೂ ಹೊರಿಸಿ ದೂರುವುದು ನ್ಯಾಯವಲ್ಲ.

ನೆರಿಗೆ ತೊಟ್ಟಿಯ ಮುಖ್ಯ ಗುಣ ಇಲ್ಲಿದೆ. ಅದನ್ನು ಪೂರ್ತಿ ಎಣ್ಣೆ ತುಂಬಿ, ಗಾಳಿಯ ಸಂಪರ್ಕವೇ ಇಲ್ಲದಂತೆ ಮುಚ್ಚಿಬಿಡಬಹುದು. ಎಣ್ಣೆ ಹಿಗ್ಗಿದಾಗ ನೆರಿಗೆಯ ತೆಳುಗೋಡೆಗಳು ಸ್ವಲ್ಪ ಉಬ್ಬುತ್ತವೆ, ಕುಗ್ಗಿದಾಗ ಒಳಸರಿಯುತ್ತವೆ. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಈ ತಿದಿಗೆ ಬಾಯಿಲ್ಲ. ನಮ್ಮ ಲೆಕ್ಕದ 35 ನೆರಿಗೆಗಳ ಮೇಲೆ ಆರು ಲೀಟರನ್ನು ಹಂಚಿದರೆ ಪ್ರತಿ ಮುಖವೂ ಸರಾಸರಿ ಒಂದು ಮಿಲಿಮೀಟರಿನಷ್ಟು ಮಾತ್ರ ಉಬ್ಬಬೇಕಾಗುತ್ತದೆ. ಬ್ರೀದರ್ ಇಲ್ಲ, ಹರಳು ಬದಲಾಯಿಸುವ ಕೆಲಸವಿಲ್ಲ, ಎಣ್ಣೆಗೆ ಗಾಳಿ ತಾಗಿ ಹುಳಿಯಾಗುವುದೂ ಇಲ್ಲ. ಅತಿಯಾದ ಒತ್ತಡ ಬಂದರೆ ಬಿಡುಗಡೆಗೊಳಿಸುವ ಒಂದು ಕವಾಟ ಮಾತ್ರ ಬೇಕು.

ನೆರಿಗೆಯ ದೌರ್ಬಲ್ಯಗಳು

ಹಾಗಾದರೆ ಎಲ್ಲೆಡೆ ಇದನ್ನೇ ತಂದು ನಿಲ್ಲಿಸಬಹುದೇ? ಕಣ್ಣುಮುಚ್ಚಿ ಹಾಗೆ ಹೇಳಲಾಗದು. ಬಾಗುವ ಗುಣಕ್ಕಾಗಿ ತಗಡನ್ನು ತೆಳು ಮಾಡಿದ್ದೇವೆ. ಹಳೆಯ ಪೆಟ್ಟಿಗೆಯ ಗೋಡೆ ಮೂರು ಮಿಲಿಮೀಟರಿಗೂ ಹೆಚ್ಚು ದಪ್ಪವಿದ್ದಲ್ಲಿ ನೆರಿಗೆ ಒಂದು ಚಿಲ್ಲರೆ ಮಿಲಿಮೀಟರ್ ಮಾತ್ರ. ತುಕ್ಕಿಗೆ ತಿನ್ನಲು ಇರುವುದೇ ಅಷ್ಟು. ಮಲೆನಾಡಿನಲ್ಲಿ ಅದರ ಶತ್ರುಗಳನ್ನು ಹೆಸರಿಸುತ್ತೇನೆ.

ಮೊದಲನೆಯದು ದರಕು. ಒತ್ತೊತ್ತಾದ ನೆರಿಗೆಗಳ ನಡುವೆ ಎಲೆ, ಹೂವು, ಧೂಳು ಸಿಕ್ಕಿಕೊಂಡು ಕೊಳೆಯುತ್ತವೆ. ಅಲ್ಲಿ ಪಾಚಿ ಬೆಳೆಯುತ್ತದೆ, ಕಣಜ ಗೂಡು ಕಟ್ಟುತ್ತದೆ. ಗಾಳಿಯ ದಾರಿ ಕಟ್ಟಿದ್ದರಿಂದ ತಂಪು ತಪ್ಪುತ್ತದೆ, ತೇವ ನಿಂತಿದ್ದರಿಂದ ತುಕ್ಕು ಹಿಡಿಯುತ್ತದೆ.

ಎರಡನೆಯದು ಬಣ್ಣ. ಆಳವಾದ ನೆರಿಗೆಯ ಬುಡಕ್ಕೆ ಸಿಂಪಡಿಸಿದ ಬಣ್ಣ ಸರಿಯಾಗಿ ತಲುಪುವುದಿಲ್ಲ. ಚೂಪಾದ ಅಂಚುಗಳ ಮೇಲೆ ಅದು ತೆಳುವಾಗಿಬಿಡುತ್ತದೆ. ಆದ್ದರಿಂದ ಬಣ್ಣವನ್ನು ಮೈಮೇಲೆ ಸುರಿದು ಹರಿಸಿ ಬಳಿದಿರಬೇಕು, ಇಲ್ಲವೇ ಕರಗಿದ ಸತುವಿನಲ್ಲಿ ಅದ್ದಿ ಲೇಪ ಮಾಡಿರಬೇಕು.

ಮೂರನೆಯದು ನಮ್ಮದೇ ಔಷಧಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವಾಗ ಸುಣ್ಣ ಸಾಕೇ ಎಂದು ನೋಡಲು ಕತ್ತಿಯನ್ನು ಅದ್ದುತ್ತೇವೆ. ಸುಣ್ಣ ಸಾಲದಿದ್ದರೆ ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಗೀರು ಬಿದ್ದ ತೊಟ್ಟಿಯ ಮೇಲೆ ಅಂಥ ಹನಿ ಬಿದ್ದರೂ ಆಗುವುದು ಅದೇ. ಹನಿ ಬೀಳುವಷ್ಟು ಹತ್ತಿರ ಸಿಂಪಡಣೆ ಮಾಡುವುದು ತೊಟ್ಟಿಗಿಂತ ಮೊದಲು ನಮ್ಮ ಜೀವಕ್ಕೆ ಅಪಾಯ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಾಲ್ಕನೆಯದು ಪೆಟ್ಟು. ಘಟ್ಟದ ರಸ್ತೆಯಲ್ಲಿ ಲಾರಿಯ ಕುಲುಕಾಟ, ಹಗ್ಗವನ್ನು ನೆರಿಗೆಗೇ ಬಿಗಿದು ಎತ್ತುವುದು, ಗಾಳಿಗೆ ಮುರಿದು ಬೀಳುವ ಕೊಂಬೆ. ಗಟ್ಟಿ ಗೋಡೆಯಲ್ಲಿ ತಗ್ಗು ಮಾತ್ರ ಬೀಳುವಲ್ಲಿ ನೆರಿಗೆಯ ಬೆಸುಗೆ ಬಿರಿಯುತ್ತದೆ. ಕಾರ್ಖಾನೆಯಲ್ಲಿ ಸೋರಿಕೆ ಪರೀಕ್ಷೆಗೆ ನೆರಿಗೆ ತೊಟ್ಟಿಯ ಮೇಲೆ ಹಾಕುವ ಒತ್ತಡವೂ ಗಟ್ಟಿ ತೊಟ್ಟಿಗೆ ಹಾಕುವುದಕ್ಕಿಂತ ಬಹಳ ಕಡಿಮೆ ಎಂಬುದು ನೆನಪಿರಲಿ.

ಕೊನೆಯದು ದುರಸ್ತಿ. ಮುಚ್ಚಿದ ತೊಟ್ಟಿಯನ್ನು ಒಮ್ಮೆ ಬಿಚ್ಚಿದರೆ, ಎಣ್ಣೆಯನ್ನು ಸರಿಯಾದ ಉಷ್ಣತೆಯಲ್ಲಿ ಸರಿಯಾದ ಮಟ್ಟಕ್ಕೆ ತುಂಬಿ ಮತ್ತೆ ಬಿಗಿಯಾಗಿ ಮುಚ್ಚಬೇಕು. ಅರೆಬರೆ ದುರಸ್ತಿ ಮಾಡಿ, ಹಳೆಯ ಗ್ಯಾಸ್ಕೆಟ್ಟನ್ನೇ ಹಾಕಿ ಕಳಿಸಿದರೆ ಅದು ಮುಚ್ಚಿದ ತೊಟ್ಟಿಯೂ ಅಲ್ಲ, ಬ್ರೀದರ್ ಇರುವ ತೊಟ್ಟಿಯೂ ಅಲ್ಲ.

ನಷ್ಟ ತಗ್ಗಿದರೆ ನೆರಿಗೆ ತಗ್ಗುತ್ತದೆ

ಈ ದೌರ್ಬಲ್ಯಗಳಿಗೆ ಉತ್ತರ ತೊಟ್ಟಿಯ ಹೊರಗಿಲ್ಲ, ಒಳಗಿದೆ. ಇಂದಿನ ಮಾತಿನ ಸಾರವೂ ಅದೇ. ನಮ್ಮ ಲೆಕ್ಕದ ಪರಿವರ್ತಕದ ಬದಲು ಒಟ್ಟು ನಷ್ಟ 1500 ವ್ಯಾಟ್ ಮಾತ್ರ ಇರುವ ಇನ್ನೊಂದನ್ನು ಅದೇ ಗಾತ್ರದ ಪೆಟ್ಟಿಗೆಯಲ್ಲಿ ಇಟ್ಟೆವೆಂದುಕೊಳ್ಳಿ. ಪೆಟ್ಟಿಗೆ ಬಿಟ್ಟುಕೊಡುವ 945 ವ್ಯಾಟ್ ಕಳೆದರೆ ಉಳಿಯುವುದು 555 ವ್ಯಾಟ್. ಅದಕ್ಕೆ 18 ನೆರಿಗೆಗಳು ಸಾಕು. ನಷ್ಟ ಕಾಲು ಭಾಗದಷ್ಟು ಇಳಿದರೆ ನೆರಿಗೆಗಳು ಅರ್ಧಕ್ಕೆ ಇಳಿದವು!

ನೆರಿಗೆಗಳನ್ನು ಎರಡು ಉದ್ದ ಬದಿಗಳಲ್ಲಿ ಮಾತ್ರ ಕೂರಿಸಿದರೆ, 35 ಇದ್ದಾಗ ಒಂದರಿಂದ ಒಂದಕ್ಕೆ ಆರು ಸೆಂಟಿಮೀಟರೂ ಸಿಗುವುದಿಲ್ಲ. 18 ಇದ್ದಾಗ 11 ಸೆಂಟಿಮೀಟರ್ ಸಿಗುತ್ತದೆ. ಅಷ್ಟು ಅಗಲದ ಸಂದಿನಲ್ಲಿ ದರಕು ಸಿಕ್ಕಿಕೊಳ್ಳದೆ ಕೆಳಗೆ ಬೀಳುತ್ತದೆ, ಮಳೆ ತಾನೇ ತೊಳೆಯುತ್ತದೆ, ಬಣ್ಣ ಬುಡದವರೆಗೆ ತಲುಪುತ್ತದೆ. ಉಸಿರಾಟದ ಲೆಕ್ಕವನ್ನೂ ಮರೆಯಬಾರದು: ನೆರಿಗೆ ಕಡಿಮೆಯಾದಾಗ ಪ್ರತಿ ಮುಖವೂ ಎರಡು ಮಿಲಿಮೀಟರಿನಷ್ಟು ಉಬ್ಬಬೇಕಾಗುತ್ತದೆ. ಇದರಿಂದ ಬೆಸುಗೆಯ ಮೇಲೆ ಬೀಳುವ ಎಳೆತವನ್ನು ವಿನ್ಯಾಸಕಾರರು ಪರಿಶೀಲಿಸಿ ನೆರಿಗೆಯ ಆಳವನ್ನು ನಿರ್ಧರಿಸಬೇಕು. 

ಅಗ್ಗದ ಪರಿವರ್ತಕವೆಂದರೆ ಸಾಮಾನ್ಯವಾಗಿ ಹೆಚ್ಚು ನಷ್ಟದ ಪರಿವರ್ತಕ. ಕೊಳ್ಳುವಾಗ ಉಳಿಸಿದ ಹಣವನ್ನು ಅದು ವರ್ಷ ವರ್ಷವೂ ಬಿಸಿಯಾಗಿ ಖರ್ಚು ಮಾಡುತ್ತದೆ. ಖಾಲಿ ನಿಂತಾಗಿನ ನಷ್ಟ 100 ವ್ಯಾಟ್ ಇಳಿದರೂ ವರ್ಷಕ್ಕೆ 876 ಯೂನಿಟ್ ಉಳಿಯುತ್ತದೆ. ಪರಿವರ್ತಕ ಇಪ್ಪತ್ತು ವರ್ಷ ಬಾಳಿದರೆ 17,520 ಯೂನಿಟ್.

ಎಣ್ಣೆ ಮಣ್ಣಿಗಿಳಿದರೆ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಸೋರಿದ ಎಣ್ಣೆ ಮಣ್ಣಿನ ಕಣಗಳಿಗೆ ಲೇಪವಾಗಿ ಕೂರುತ್ತದೆ. ಆ ಮಣ್ಣು ನೀರನ್ನು ಒಲ್ಲೆನ್ನುತ್ತದೆ, ರಂಧ್ರಗಳು ಕಟ್ಟಿ ಬೇರಿಗೆ ಗಾಳಿ ಸಿಗುವುದಿಲ್ಲ. ಎಣ್ಣೆಯನ್ನು ತಿನ್ನಬಲ್ಲ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿವೆ ನಿಜ. ಆದರೆ ಅಷ್ಟೊಂದು ಇಂಗಾಲವನ್ನು ಜೀರ್ಣಿಸಿಕೊಳ್ಳಲು ಅವು ಮಣ್ಣಿನ ಸಾರಜನಕವನ್ನೆಲ್ಲ ಬಳಸಿಕೊಂಡು ಗಿಡಗಳನ್ನು ಹಸಿವಿಗೆ ತಳ್ಳುತ್ತವೆ. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಪೆಟ್ಟು ಮೊದಲು ಅವಕ್ಕೇ. ನೀರಿಗಿಂತ ಹಗುರಾದ ಎಣ್ಣೆ ಮಳೆನೀರಿನ ಮೇಲೆ ತೇಲಿ ಇಳಿಜಾರಿನಲ್ಲಿ ದೂರ ಸಾಗುತ್ತದೆ. ಜಂಬಿಟ್ಟಿಗೆಯ ಬಿರುಕುಗಳಲ್ಲಿ ಬಾವಿಯ ಕಡೆಗೂ ಇಳಿಯುತ್ತದೆ.

ಸೋರಿಕೆ ಕಂಡರೆ ಮೊದಲು ದೂರ ನಿಲ್ಲಿ, ಶಾಖಾ ಕಚೇರಿಗೆ ತಿಳಿಸಿ ಲೈನು ಬಂದ್ ಮಾಡಿಸಿ. ಅನಂತರವೇ ಕೆಳಬದಿಯಲ್ಲಿ ಮಣ್ಣಿನ ಸಣ್ಣ ಬದು ಹಾಕಿ, ಮರದ ಹೊಟ್ಟು, ಭತ್ತದ ಉಮಿ ಅಥವಾ ತೆಂಗಿನ ನಾರಿನ ಪುಡಿ ಹರಡಿ ಹೀರಿಸಿ. ನೀರು ಹಾಕಿ ತೊಳೆಯಬೇಡಿ. ತೊಳೆದದ್ದು ಹಳ್ಳಕ್ಕೇ ಹೋಗುತ್ತದೆ. ನೆನೆದ ಹೊಟ್ಟನ್ನು ಸುಡದೆ, ಸೋರದ ಡ್ರಮ್ಮಿನಲ್ಲಿ ತುಂಬಿ ಕಂಪನಿಯವರಿಗೆ ಒಪ್ಪಿಸಿ. ಬಳಸಿದ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣೆಗಾರರಿಗೇ ಕೊಡಬೇಕೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಹೇಳುತ್ತವೆ.

ಟಿ.ಸಿ. ಎಣ್ಣೆಯನ್ನು ಮಂಡಿನೋವಿಗೆ ಹಚ್ಚುವ, ಗೆದ್ದಲಿಗೆಂದು ಮರಕ್ಕೆ ಬಳಿಯುವ ರೂಢಿ ಅಲ್ಲಲ್ಲಿ ಇದೆ. ದಯವಿಟ್ಟು ಬಿಡಿ. ಹಳೆಯ ಎಣ್ಣೆಯಲ್ಲಿ ಪಿ.ಸಿ.ಬಿ. ಎಂಬ ವಿಷ ಬೆರೆತಿರುವ ಸಾಧ್ಯತೆಯಿದೆ. ಅದು ಮಣ್ಣಿನಲ್ಲಿ ಸುಲಭವಾಗಿ ಕರಗಿಹೋಗುವುದಿಲ್ಲ, ದೇಹದ ಕೊಬ್ಬಿನಲ್ಲಿ ಸೇರಿ ಉಳಿಯುತ್ತದೆ. 2001ರ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿತು. ಉಪಕರಣಗಳಲ್ಲಿ ಪಿ.ಸಿ.ಬಿ. ಬಳಕೆ ನಿಲ್ಲಿಸಲು ಆ ಒಪ್ಪಂದ 2025ರ ಗಡುವನ್ನೂ, ಸುರಕ್ಷಿತ ವಿಲೇವಾರಿಗೆ 2028ರ ಗಡುವನ್ನೂ ಹಾಕಿದೆ. ದುರಸ್ತಿ ಕೇಂದ್ರಗಳಲ್ಲಿ ಹಳೆಯ ಎಣ್ಣೆಗಳನ್ನು ಒಂದಕ್ಕೊಂದು ಬೆರೆಸಿದರೆ ವಿಷ ಹೊಸ ತೊಟ್ಟಿಗೂ ದಾಟುತ್ತದೆ ಎಂಬುದು ನಮ್ಮ ಆತಂಕ.

ಆಯ್ಕೆ ಮಾಡುವವರಿಗೆ

ಕಾಫಿ ತೋಟ, ಅಕ್ಕಿ ಗಿರಣಿ, ಕಾಲೇಜು, ಡೈರಿಗಳಂಥ ಕೆಲವರು ಸ್ವಂತ ಪರಿವರ್ತಕ ಕೊಳ್ಳುತ್ತಾರೆ. ಅವರು ಕೇಳಬೇಕಾದ ಪ್ರಶ್ನೆಗಳು ಇವು:

1. ನಷ್ಟ ಎಷ್ಟು? ಐ.ಎಸ್. 1180ರ 2014ರ ಆವೃತ್ತಿಯು ಅರ್ಧ ಹೊರೆ ಮತ್ತು ಪೂರ್ಣ ಹೊರೆಯಲ್ಲಿನ ಒಟ್ಟು ನಷ್ಟಕ್ಕೆ ಮಿತಿಗಳನ್ನು ಹಾಕಿದೆ, ಐ.ಎಸ್.ಐ. ಗುರುತು ಕಡ್ಡಾಯ. ಬೆಲೆಯ ಮೊದಲು ಈ ಎರಡು ಸಂಖ್ಯೆಗಳನ್ನು ಕೇಳಿ.

2. ತೊಟ್ಟಿ ಮುಚ್ಚಿದ್ದೋ, ಬ್ರೀದರ್ ಇರುವುದೋ? ಹೋಗಿ ನೋಡುವವರಿಲ್ಲದ ಜಾಗಕ್ಕೆ ಮುಚ್ಚಿದ ನೆರಿಗೆ ತೊಟ್ಟಿ ಒಳ್ಳೆಯದು. ನೋಡಿಕೊಳ್ಳುವ ಜನವಿರುವಲ್ಲಿ, ಬಹಳ ದೊಡ್ಡ ಗಾತ್ರದಲ್ಲಿ, ಗಟ್ಟಿ ಗೋಡೆ ಮತ್ತು ರೇಡಿಯೇಟರ್ ಇರುವುದು ತಪ್ಪಲ್ಲ.

3. ನೆರಿಗೆಯ ತಗಡಿನ ದಪ್ಪ, ಆಳ, ನಡುವಿನ ಅಂತರ ಎಷ್ಟು? ಒತ್ತಾದ ಆಳ ನೆರಿಗೆಗಿಂತ ಬಿಡಿಬಿಡಿಯಾದ ನೆರಿಗೆ ನಮಗೆ ಹಿತ. ನೆರಿಗೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಡ್ಡ ಸಲಾಕೆಗಳಿವೆಯೇ?

4. ಲೇಪ ಯಾವುದು, ಸೋರಿಕೆ ಪರೀಕ್ಷೆಯ ವರದಿ ಇದೆಯೇ?

5. ಎಣ್ಣೆ ಯಾವುದು? ಸಸ್ಯಜನ್ಯ ಎಸ್ಟರ್ ದ್ರವಗಳು ಮಣ್ಣಿನಲ್ಲಿ ಬೇಗ ಕೊಳೆಯುತ್ತವೆ. ಅವು ಹೊತ್ತಿ ಉರಿಯಲು 300 ಡಿಗ್ರಿಗೂ ಮೀರಿದ ಬಿಸಿ ಬೇಕು. ಬೆಲೆ ಹೆಚ್ಚು. ಗಾಳಿ ತಾಗಿದರೆ ಅವು ಅಡುಗೆ ಎಣ್ಣೆಯಂತೆ ಜಿಡ್ಡುಗಟ್ಟುವುದರಿಂದ ಮುಚ್ಚಿದ ತೊಟ್ಟಿಯೇ ಅವಕ್ಕೆ ಸರಿ. ನೀರಿನ ಮೂಲದ ಪಕ್ಕದಲ್ಲಿ ಈ ಜೋಡಿ ಉತ್ತಮ.

6. ಎಲ್ಲಿ ನಿಲ್ಲಿಸುತ್ತೀರಿ? ಕಡಿದ ಧರೆಯ ಅಂಚು ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಕಂಡಿದ್ದೇವೆ. ನೆಲದ ಮೇಲೆ ಕೂರಿಸುವುದಾದರೆ ಕೆಳಗೆ ಎಣ್ಣೆ ಹಿಡಿಯುವ ಕಟ್ಟೆ ಬೇಕು. ಆದರೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥಲ್ಲಿ ಒಂದು ಮೀಟರ್ ಆಳದ ಬರಿಯ ಗುಂಡಿ ಏಳು ಬಾರಿ ತುಂಬಿ ಹರಿಯುವಷ್ಟು ನೀರು ಬರುತ್ತದೆ. ಎಣ್ಣೆ ಮೇಲೆ ತೇಲಿ ಮೊದಲು ಅದೇ ಹೊರಹೋಗುತ್ತದೆ. ತಳದ ನೀರು ಮಾತ್ರ ಹೊರಹೋಗಿ ಮೇಲಿನ ಎಣ್ಣೆ ಉಳಿಯುವಂತೆ ಬುಡದಿಂದ ಬಾಗಿ ಮೇಲೇರುವ ಕೊಳವೆಯನ್ನು ಇಡಬೇಕು.

ಉಳಿದ ಪರಿವರ್ತಕಗಳನ್ನು ಕೊಳ್ಳುವುದು ವಿದ್ಯುತ್ ಕಂಪನಿ. ಅಲ್ಲಿ ನಮಗೆ ಆಯ್ಕೆಯಿಲ್ಲ ಎನ್ನಬೇಡಿ. ಟೆಂಡರಿನ ತಾಂತ್ರಿಕ ವಿವರಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ನಿಗದಿಯ ಮುನ್ನ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕರೂ ಮಾತನಾಡಬಹುದು. ಬಯಲುಸೀಮೆಗೂ ಘಟ್ಟಕ್ಕೂ ಒಂದೇ ಬಗೆಯ ತೊಟ್ಟಿ ಏಕೆ, ಮಳೆ ಸೀಮೆಗೆ ಮುಚ್ಚಿದ, ಕಡಿಮೆ ನಷ್ಟದ, ಸತುವಿನ ಲೇಪದ ಪರಿವರ್ತಕ ಏಕಿಲ್ಲ ಎಂದು ಅಲ್ಲಿ ಲೆಕ್ಕ ಸಮೇತ ಕೇಳೋಣ.

ಅದಕ್ಕೆ ಬೇಕಾದ ಮಾಹಿತಿಯನ್ನು ವಿದ್ಯಾರ್ಥಿಗಳು ಸಂಗ್ರಹಿಸಬಲ್ಲರು. ಮಳೆ ಹಿಡಿಯುವ ಮೊದಲು ಮೇ ತಿಂಗಳಿನಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ನಿಮ್ಮೂರಿನ ಪರಿವರ್ತಕಗಳನ್ನು ನೋಡಿ ಬನ್ನಿ. ಬೇಲಿಯ ಹೊರಗೇ ನಿಲ್ಲಬೇಕು, ಕಂಬ ಮುಟ್ಟಬಾರದು, ಮಳೆಯಲ್ಲಿ ಹೋಗಬಾರದು. ತೊಟ್ಟಿಯ ಬಗೆ ಯಾವುದು, ನೆರಿಗೆಯಲ್ಲಿ ದರಕು ತುಂಬಿದೆಯೇ, ತುಕ್ಕಿನ ಗೆರೆ ಇಳಿದಿದೆಯೇ, ಕೆಳಗಿನ ನೆಲ ಕಪ್ಪಾಗಿದೆಯೇ, ಹತ್ತಿರದ ಬಾವಿಯೋ ಅಬ್ಬಿಯೋ ಎಷ್ಟು ಮಾರು ದೂರದಲ್ಲಿದೆ. ಇಷ್ಟನ್ನು ಒಂದು ಪುಟದಲ್ಲಿ ಬರೆದು ಪಂಚಾಯಿತಿಗೆ ಒಂದು ಪ್ರತಿ, ಶಾಖಾ ಕಚೇರಿಗೆ ಒಂದು ಪ್ರತಿ ಕೊಡಿ. ಮುಂದಿನ ವಿಚಾರಣೆಗೆ ನಾವು ಆ ಪುಟಗಳನ್ನು ಹಿಡಿದುಕೊಂಡು ಹೋಗೋಣ.